ಒಂದು ಸಲಕ್ಕಾಗುವಷ್ಟು ಹೆಸರು

ನನ್ನ ಹೆಸರು ಕಾಶವ್ವ. ಸದ್ಯಕ್ಕಂತೂ ಹೌದು. ಬರುವ ಸೋಮವಾರದ ನಂತರ ಏನೋ ಗೊತ್ತಿಲ್ಲ, ಅದಕ್ಕೇ ಇದನ್ನೆಲ್ಲ ಇವತ್ತೇ ಬರೆದು ಮುಗಿಸುತ್ತಿದ್ದೇನೆ.

ನಮ್ಮೂರಲ್ಲಿ ತೆರಿಗೆ ನಂಬರ್ ತೆಗೆದುಕೊಂಡ ಅಂಗಡಿಯ ಹೆಸರು ಊರು ಬಿಟ್ಟು ಹೋಗುತ್ತದೆ. ನಂಬರಿನ ತಗಡನ್ನು ಬಾಗಿಲಿಗೆ ಬಡಿದ ಗಳಿಗೆಯಲ್ಲೇ ಆ ಹೆಸರನ್ನು ಆಡಿದ ಬಾಯಿಗಳಿಂದೆಲ್ಲ ಅದು ಜಾರುತ್ತದೆ, ಬರೆದಲ್ಲಿಂದ ಅಳಿಸಿಹೋಗುತ್ತದೆ. ಮೊದಮೊದಲು ಜನ ಹೆದರಿದರು, ಆಮೇಲೆ ರೂಢಿಯಾಯಿತು. ನಮ್ಮ ಊರಿನ ಜನಕ್ಕೆ ಯಾವುದು ರೂಢಿಯಾಗುವುದಿಲ್ಲ ಹೇಳಿ? ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು ಬರುವುದೂ ರೂಢಿಯಾಗಿದೆ.

ನಂಬರಿಗೆ ಮೊದಲು ಓಡಿದವರು ದೊಡ್ಡ ಅಂಗಡಿಯವರು. ಅದೇನೋ ಸನ್ಮಾನ ಎಂದುಕೊಂಡು ಹೊಸ ಅಂಗಿ ತೊಟ್ಟು ಸಾಲಿನಲ್ಲಿ ನಿಂತಿದ್ದರು. ಬಟ್ಟೆ ಅಂಗಡಿಯ ಸಾಹುಕಾರ ಮಠಕ್ಕೆ ಆರು ಫ್ಯಾನು ಕೊಟ್ಟು, ಒಂದೊಂದು ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ತನ್ನ ಹೆಸರು ಬರೆಸಿದ್ದ, ಅಂಗಡಿಗೂ ಅದೇ ಹೆಸರು. ಆ ಫ್ಯಾನುಗಳು ಗಾಳಿಗಿಂತ ಹೆಸರನ್ನೇ ಹೆಚ್ಚು ಬೀಸುತ್ತಿದ್ದವು. ತಗಡು ಬಡಿದ ದಿನ ರೆಕ್ಕೆಗಳೆಲ್ಲ ಬೆಳ್ಳಗಾದವು. ಈಗ ಅವನ ಸ್ವಂತ ತಾಯಿ ಬಾಗಿಲಲ್ಲಿ ನಿಂತು, 'ನಾಕನೂರಾ ಎರಡೂ, ಊಟಕ್ಕ ಬಾರೋ' ಎಂದು ಕೂಗುತ್ತಾಳೆ. ಅವನು ಹೋಗಿ ಉಂಡು ಬರುತ್ತಾನೆ. ಇನ್ನೊಬ್ಬ ಖಾನಾವಳಿಯವನು ಗುಡ್ಡದ ಮೇಲಿನ ದೇವರ ಹೆಸರನ್ನು ಖಾನಾವಳಿಗೆ ಇಟ್ಟಿದ್ದ. ಅವನು ನಂಬರ್ ತೆಗೆದುಕೊಂಡ ಮರುದಿನ ಬೆಳಿಗ್ಗೆ ಗುಡ್ಡದ ಪೂಜಾರಿ ಗಂಟೆ ಹಿಡಿದು ನಿಂತವನು ನಿಂತೇ ಇದ್ದ, ಯಾರಿಗೆ ಪೂಜೆ ಎಂಬುದೇ ಬಾಯಿಗೆ ಬರಲಿಲ್ಲ. ಈಗ ಆ ದೇವರಿಗೆ ನಾವೆಲ್ಲ ಗುಡ್ಡದಾತ ಎನ್ನುತ್ತೇವೆ. ದೇವರು ಏನೂ ಅನ್ನಲಿಲ್ಲ. ಈ ವಿಷಯದಲ್ಲಿ ಅವನು ನಮ್ಮೂರಿನ ಗಂಡಸರಿಗಿಂತ ಮೇಲು.

ಅರ್ಜಿಯಲ್ಲಿ ಬೇರೆ ಯಾವುದಾದರೂ ಹೆಸರು ಬರೆದು ಪಾರಾಗೋಣವೆಂದು ಕೆಲವು ಜಾಣರು ನೋಡಿದರು. ಕಚೇರಿ ಅಷ್ಟು ದಡ್ಡ ಅಲ್ಲ. ಬೋರ್ಡಿನ ಮೇಲೆ ಏನು ಬೇಕಾದರೂ ಬರೆದುಕೊಳ್ಳಿ, ಅವರಿಗೆ ಬೇಕಾದದ್ದು ಊರವರ ಬಾಯಲ್ಲಿರುವ ಹೆಸರು. ಅವರ ಮನುಷ್ಯನೊಬ್ಬ ನಾಲ್ಕು ದಿನ ಸಂತೆಯಲ್ಲಿ ಕೂತು, ಹಿಟ್ಟು ಎಲ್ಲಿ ಬೀಸಿಸುತ್ತೀರಿ, ಚಪ್ಪಲಿ ಎಲ್ಲಿ ಹೊಲಿಸುತ್ತೀರಿ ಎಂದು ಹೋಗಿಬರುವವರನ್ನು ಕೇಳುತ್ತಾನೆ. ಜನ ಹೇಳಿದ್ದನ್ನು ಬರೆದುಕೊಂಡು ಹೋಗುತ್ತಾನೆ. ನಂಬರ್ ಕೊಟ್ಟ ಮೇಲೂ ಜನ ಆ ಅಂಗಡಿಗೆ ಇನ್ನೊಂದು ಹೆಸರು ಹಚ್ಚಿದರೆ, ಅದನ್ನು ಒಯ್ಯಲೂ ಬರುತ್ತಾರೆ.

ನಮ್ಮನೆಯವರದು ಹಿಟ್ಟಿನ ಗಿರಣಿ. ಬೋರ್ಡು ಇಲ್ಲ, ಬೇಕಾಗಿಯೂ ಇರಲಿಲ್ಲ. ಊರೆಲ್ಲ ಇವರ ಹೆಸರು ಹಿಡಿದೇ ಇಂಥವರ ಗಿರಣಿ ಎನ್ನುತ್ತಿತ್ತು. ಆ ಹೆಸರು ಇವರ ಅಜ್ಜ ಹುಡುಕಿ ಇಟ್ಟದ್ದು, ಸುತ್ತಲಿನ ಹತ್ತು ಹಳ್ಳಿಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಇವರಿಗೆ ಅದರ ಮೇಲೆ ಎಷ್ಟು ಮೋಹವೆಂದರೆ, ಓಣಿಯ ತುದಿಯಿಂದ ಯಾರಾದರೂ ಕೂಗಿದರೆ ಮೊದಲ ಕೂಗಿಗೆ ಓಗೊಡುತ್ತಿರಲಿಲ್ಲ. ಕೇಳಿಸುತ್ತಿತ್ತು, ಚೆನ್ನಾಗಿಯೇ ಕೇಳಿಸುತ್ತಿತ್ತು. ಇನ್ನೊಮ್ಮೆ ಕೂಗಲಿ, ಇನ್ನೊಮ್ಮೆ ಕಿವಿಗೆ ಬೀಳಲಿ ಎಂದು ಕಾಯುತ್ತಿದ್ದರು. ಎರಡನೆಯ ಕೂಗಿಗೆ ಉದ್ದಕ್ಕೆ 'ಓ' ಅನ್ನುತ್ತಿದ್ದರು. ನಾನು ಯಂತ್ರದ ಹಿಂದೆ ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡು ನಗುತ್ತಿದ್ದೆ.

ನಾನು ಮಾತ್ರ ಆ ಹೆಸರನ್ನು ಒಂದು ದಿನವೂ ಆಡಿದವಳಲ್ಲ. ಹೆಂಡತಿ ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ನಾವು ಹೆಸರು ಹಿಡಿಯದೆ ಸಾಕಿದ ಈ ಗಂಡಸರು ಏನು ನೂರು ವರ್ಷ ಬಾಳುತ್ತಾರೋ ಕಾಣೆ. ಮದುವೆಯ ದಿನ ಮಾತ್ರ ಒಡಪಿನಲ್ಲಿ, ಪ್ರಾಸ ಕಟ್ಟಿದ ಎರಡು ಸಾಲಿನಲ್ಲಿ, ಸೇರಿಸಿ ಒಮ್ಮೆ ಹೇಳಬಹುದು, ಹೇಳಲೇಬೇಕು. ನಾನು ಹತ್ತೊಂಬತ್ತರ ಹುಡುಗಿ. ಮೂವರು ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, ಬಾಗಿಲಿನ ಚೌಕಟ್ಟಿಗೆ ಕೈ ಚಾಚಿ, 'ಒಡಪ ಹಾಕಿ ಹೆಸರ ಹೇಳು, ಒಳಗ ಬಿಡ್ತೀವಿ' ಎಂದರು. ಹಿಂದೆ ನಿಂತವರೆಲ್ಲ ಹಲ್ಲು ಕಿರಿಯುತ್ತಿದ್ದರು. ನನ್ನನ್ನು ಕುಣಿಸಲು ಬಂದವರ ಮುಂದೆ ಕುಣಿಯುವುದು ನನ್ನ ಜಾಯಮಾನವಲ್ಲ. ಸೀರೆ ಎತ್ತಿ ಕಟ್ಟಿ, ಮನೆ ಸುತ್ತು ಹಾಕಿ, ಹಿತ್ತಲ ಗೋಡೆ ಹಾರಿ ಒಳಗೆ ಬಂದೆ. ನನ್ನ ಅತ್ತೆ ಸಾಯುವ ತನಕ ಅದನ್ನು ಬಂದವರಿಗೆಲ್ಲ ಹೇಳಿದಳು.

ಇವರಾದರೂ ನನ್ನ ಹೆಸರು ಹಿಡಿದು ಕರೆದವರೇ? ಮೂವತ್ತು ವರ್ಷದಿಂದ ನಾನು 'ಏಯ್'. ಬೇರೆಯವರ ಮುಂದೆ 'ಇಕಿ'. ನಮ್ಮನೆಯ ಎಮ್ಮೆಗೆ ಚಂದ್ರಿ ಅಂತ ಹೆಸರಿತ್ತು, ಅದನ್ನು ಬಾಯಿ ತುಂಬ ಕರೆಯುತ್ತಿದ್ದರು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹೋದ ವರ್ಷ ಸಣ್ಣ ಕಸುಬಿನವರ ಸರದಿ ಬಂತು. ಡಂಗುರದವನು ಓಣಿ ಓಣಿ ಸಾರಿದ: ಒಬ್ಬರೇ ನಡೆಸುವ ಕಸುಬಿಗೆ ನಂಬರ್ ಬೇಕಿಲ್ಲ, ಎರಡನೆಯವರು ಕೈ ಹಚ್ಚಿದರೆ ಬೇಕು, ಬೇಕಾಗಿದ್ದೂ ಪಡೆಯದವರ ಬಾಗಿಲಿಗೆ ಬೀಗ. ಆವತ್ತು ಇವರು ರೊಟ್ಟಿ ಮುರಿದು ಹಾಗೇ ಇಟ್ಟರು. ನಮಗೆ ನಂಬರ್ ಬೇಕೋ ಬೇಡವೋ ಕೇಳಿಕೊಂಡು ಬರೋಣವೆಂದು ನನ್ನನ್ನೂ ಕರೆದುಕೊಂಡು ಮಲಕಾಜಪ್ಪನ ಹತ್ತಿರ ಹೋದರು. ಮಲಕಾಜಪ್ಪ ಎಂದರೆ ಕಚೇರಿಯ ಗೇಟಿನ ಮುಂದಿನ ಹುಣಸೆಮರದ ಕೆಳಗೆ ಕೂತು ಅರ್ಜಿ ಬರೆಯುವವನು. ಸಾಹೇಬರಿಗೆ ಗೊತ್ತಿಲ್ಲದ ಕಾನೂನೂ ಅವನಿಗೆ ಗೊತ್ತು.

"ಗಿರಣ್ಯಾಗ ಎಷ್ಟ ಮಂದಿ ದುಡಿತೀರಿ?" ಎಂದು ಮಲಕಾಜಪ್ಪ ಕೇಳಿದ.

"ನಾ ಒಬ್ಬನ," ಎಂದರು ಇವರು.

"ಮತ್ತ ಇವರು?"

ಇಬ್ಬರೂ ನನ್ನನ್ನು ನೋಡಿದರು. ನನ್ನ ಮೊಣಕೈ ತನಕ ಹಿಟ್ಟು ಇನ್ನೂ ಹಾಗೇ ಇತ್ತು.

"ಇಕಿನಾ? ಇಕಿ ಮನೀಯಾಕಿ. ಸುಮ್ನ ಬಂದ ಕುಂತಿರ್ತಾಳ."

ಮಲಕಾಜಪ್ಪ ನನ್ನ ಕೈ ನೋಡಿ ಮುಗುಳ್ನಕ್ಕ. "ಹಂಗಾರ ನಂಬರ ಬ್ಯಾಡ. ಆದ್ರ ಸಾಹೇಬ್ರ ಖುದ್ದ ಬಂದ ನೋಡತಾರ. ಅವತ್ತ ಇವರು ಹಿಟ್ಟ ಮುಟ್ಟಬಾರ್ದು ನೋಡ್ರಿ. ಮುಟ್ಟಿದ್ರ ಅದ ಎರಡನೇ ಕೈ."

ಮನೆಗೆ ಬಂದು ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಕಲ್ಲಿಗೆ ಉಳಿ ಹೊಡೆಯುವವಳು ನಾನು, ಪಟ್ಟಾ ಹರಿದರೆ ಹೊಲಿಯುವವಳು ನಾನು, ಖಾರ ಬೀಸಿದ ಮೇಲೆ ಕಲ್ಲು ತೊಳೆಯುವವಳು ನಾನು. ಇವರು ಬಾಗಿಲಲ್ಲಿ ನಿಂತು ತಮ್ಮ ಹೆಸರು ಕೇಳಿಸಿಕೊಳ್ಳುತ್ತಾರೆ. ಇವರು ಎಲ್ಲವನ್ನೂ ಕೇಳಿ ತಲೆ ತಗ್ಗಿಸಿ ಕೂತರು. "ಒಂದ ದಿನ ಸುಮ್ನ ಕುಂದರು. ನನ್ನ ಕಡೆ ಇರೂದ ಅದೊಂದ. ಅದೂ ಹೋದ್ರ ನಾ ಏನ ಉಳೀತೀನಿ?" ಎಂದರು. ಮೂವತ್ತು ವರ್ಷದಲ್ಲಿ ಈ ಮನುಷ್ಯ ನನ್ನನ್ನು ಕೇಳಿದ್ದು ನೀರು ಮತ್ತು ಉಪ್ಪು. ಇದು ಮೂರನೆಯದು. ನಾನು ಹೂಂ ಅಂದೆ.

ಸಾಹೇಬ ಮಂಗಳವಾರ ಬೆಳಿಗ್ಗೆ ಬಂದ. ಹಿಟ್ಟು ಹತ್ತೀತೆಂದು ಪ್ಯಾಂಟು ಮಡಚಿ, ಮೂಗಿಗೆ ಕರವಸ್ತ್ರ ಹಿಡಿದು, ಸ್ಟೂಲಿನ ತುದಿಯಲ್ಲಿ ಕೂತ. ರೊಟ್ಟಿ ತಿನ್ನುವಾಗ ಅವನಿಗೆ ಹಿಟ್ಟಿನ ಹೆದರಿಕೆ ಇರುತ್ತದೋ ಇಲ್ಲವೋ. ನಾನು ಜೋಳದ ಚೀಲದ ಮೇಲೆ ಕೈ ಕಟ್ಟಿ ಕೂತೆ. ಎದುರು ಮನೆಯ ದಾನವ್ವ ಬುಟ್ಟಿ ತುಂಬ ಜೋಳ ತಂದಿದ್ದಳು, ಅವಳ ಹಿಂದೆ ಇನ್ನೂ ನಾಲ್ಕಾರು ಹೆಂಗಸರು ನಿಂತಿದ್ದರು. ಇವರು ಮೋಟರ್ ಹಚ್ಚಿ ಜೋಳ ಸುರಿದರು.

ಶುರುವಾದ ಕೂಡಲೇ ನನಗೆ ಗೊತ್ತಾಯಿತು, ಕಲ್ಲು ಸಡಿಲಾಗಿದೆ. ಗಿರಣಿ ನಡೆಸುವುದು ಕಣ್ಣಿನಿಂದಲ್ಲ, ಕಿವಿಯಿಂದ. ಬಿಗಿಯಾದ ಕಲ್ಲು ಗುಂಯ್ ಅನ್ನುತ್ತದೆ, ಸಡಿಲಾದದ್ದು ಗರಗರ ಅನ್ನುತ್ತದೆ. ದಾನವ್ವನ ಬುಟ್ಟಿಗೆ ಹಿಟ್ಟಲ್ಲ, ತರಿ ಬೀಳುತ್ತಿತ್ತು. ಇವರಿಗೆ ಅದು ಕೇಳಿಸಲಿಲ್ಲ, ಇವರ ಕಿವಿಗೆ ಕೇಳಿಸುತ್ತಿದ್ದದ್ದು ಒಂದೇ ಶಬ್ದ ಎಂದು ಆಗಲೇ ಹೇಳಿದೆನಲ್ಲ. ನಾನು ಹಲ್ಲು ಕಚ್ಚಿ ಕೂತೆ.

"ಈಯಮ್ಮ ಏನ ಮಾಡತಾರ?" ಸಾಹೇಬ ನನ್ನ ಕಡೆ ಪೆನ್ನು ತೋರಿಸಿದ.

"ಅಕಿ ಏನೂ ಮಾಡೂದಿಲ್ರಿ. ಸುಮ್ನ ಬಂದ ಕುಂತಿರ್ತಾಳ." ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಅಷ್ಟೇ ನಾವು ಮಾತಾಡಿಕೊಂಡದ್ದು. ಆದರೆ ಇವರು ನಗುತ್ತ ಮುಂದುವರಿದರು. "ಅಕಿಗಿ ಇದರಾಗಿಂದು ಏನ ತಿಳೀಬೇಕ್ರಿ ಸಾಹೇಬ್ರ? ಹಿಟ್ಟ ಸಣ್ಣ ಬಂತೋ ದಪ್ಪ ಬಂತೋ, ಅದೂ ತಿಳೀಯಂಗಿಲ್ಲ."

ಸಾಹೇಬ ನಕ್ಕ, ಸಾಲಿನಲ್ಲಿದ್ದ ಹೆಂಗಸರೂ ನಕ್ಕರು. ಹೇಳಿಕೊಟ್ಟ ಸುಳ್ಳು ಹೇಳುವಾಗ ಮನುಷ್ಯನ ದನಿ ಸ್ವಲ್ಪವಾದರೂ ತಡವರಿಸುತ್ತದೆ. ಇವರ ದನಿ ತಡವರಿಸಲಿಲ್ಲ. ಇವರು ಅದನ್ನು ನಂಬಿದ್ದರು, ಮೂವತ್ತು ವರ್ಷದಿಂದಲೂ ನಂಬಿದ್ದರು. ನನಗೆ ಅಂಗಾಲಿನಿಂದ ನೆತ್ತಿಗೆ ಸಿಟ್ಟು ಏರಿತು. ಎದ್ದೆ. ದಾನವ್ವನ ಬುಟ್ಟಿಯಿಂದ ಚಿಟಿಕೆ ಹಿಟ್ಟು ಹೆಬ್ಬೆರಳಲ್ಲಿ ತಿಕ್ಕಿ ಸಾಹೇಬನ ಮೂಗಿನ ಮುಂದೆ ಹಿಡಿದೆ. "ತರಿ ಬರಾಕತ್ತೈತಿ. ಇದರ ರೊಟ್ಟಿ ಬಡದ್ರ ಅಂಚ ಒಡೀತಾವ," ಎಂದು ಹೇಳಿ, ಯಂತ್ರದ ತಿರುಪಿಗೆ ಎರಡು ಸುತ್ತು ಕೊಟ್ಟೆ. ಕಲ್ಲು ಗುಂಯ್ ಅಂತು. ಹಿಟ್ಟು ನುಣ್ಣಗೆ ಬೀಳತೊಡಗಿತು.

ಆಮೇಲೆ ನೋಡಿದರೆ ಯಾರೂ ನಗುತ್ತಿರಲಿಲ್ಲ. ಸಾಹೇಬ ಪುಸ್ತಕದಲ್ಲಿ 'ಇಬ್ಬರು' ಎಂದು ಬರೆದುಕೊಂಡ. "ಯಜಮಾನರ ಹೆಸರ ಹೇಳ್ರಿ ಬಾಯಾರ," ಎಂದ. ನಾನು ಮುಖ ಗೋಡೆಗೆ ತಿರುಗಿಸಿದೆ. ದಾನವ್ವ, ಆ ಪುಣ್ಯಾತ್ಗಿತ್ತಿ, "ಗಂಡನ ಹೆಸರ ಅಕಿ ಹೆಂಗ ಹೇಳ್ಯಾಳ್ರಿ? ನಾ ಹೇಳತೀನಿ ತೊಗೋರಿ," ಎಂದು ಮುಂದೆ ಬಂದು ಹೇಳಿಯೇಬಿಟ್ಟಳು. ಅದಾದ ಮೇಲೆ ಊರಿನ ಬಾಯಲ್ಲಿ ಆ ಹೆಸರು ಉಳಿದದ್ದು ಏಳೇ ದಿನ.

ಎಂಟನೆಯ ದಿನ ತಗಡು ಬಂತು. ಮೂರು ಸಾವಿರದ ಹದಿನೇಳು. ಬಡಿದು ಹೋದರು. ಇವರು ಮೊದಲ ದಿನ ನಕ್ಕರು, ಹೆಸರಿಲ್ಲದಿದ್ದರೆ ಏನು, ನಾನು ನಾನೇ ಅಲ್ಲವೇ ಎಂದರು. ಎರಡನೆಯ ದಿನ ಅಟ್ಟದಿಂದ ಹಳೆಯ ತಾಮ್ರದ ಕೊಡ ಇಳಿಸಿದರು. ಅದರ ಕಂಠದಲ್ಲಿ ಇವರ ಅಜ್ಜ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದ. ಆ ಜಾಗ ಈಗ ನುಣ್ಣಗಾಗಿತ್ತು. ಅದರ ಮೇಲೆ ಬೆರಳಾಡಿಸುತ್ತ ಮಧ್ಯಾಹ್ನದ ತನಕ ಕೂತಿದ್ದರು.

ಆಮೇಲೆ ಇವರು ಓಗೊಡುವುದನ್ನೇ ಬಿಟ್ಟರು. ಜನ ಓಣಿಯ ತುದಿಯಿಂದ ಮೂರು ಸಾವಿರದ ಹದಿನೇಳು ಎಂದು ಒಮ್ಮೆ ಕೂಗಲಿ, ಹತ್ತು ಸಲ ಕೂಗಲಿ, ಇವರು ತಿರುಗುತ್ತಿರಲಿಲ್ಲ. ಜಂಬವಲ್ಲ. ಅದು ತಮ್ಮನ್ನು ಕರೆಯುವುದು ಎಂದೇ ಇವರಿಗೆ ಅನ್ನಿಸುತ್ತಿರಲಿಲ್ಲ. ಕ್ರಮೇಣ ಗಿರಣಿಯೊಳಗೆ ಬರುವುದೂ ನಿಂತಿತು. ಎದುರಿನ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ನೋಡುತ್ತಿದ್ದರು. ಒಂದು ದಿನ ಉಣ್ಣುವಾಗ, "ನಿನಗರ ನೆನಪೈತೇನ?" ಎಂದು ಕೇಳಿದರು.

"ನಾ ಯಾವಾಗ ಆಡೀನಿ, ನೆನಪಿಡಾಕ?" ಎಂದೆ.

ನನಗೆ ನೆನಪಿತ್ತು. ತಗಡು ಬಡಿದ ದಿನವೇ ಗೊತ್ತಾಗಿತ್ತು. ಊರೆಲ್ಲ ಮೈ ಪರಚಿಕೊಂಡು ಹುಡುಕುತ್ತಿದ್ದ ಆ ಹೆಸರು ನನ್ನ ಬಾಯಲ್ಲಿ ಇಡಿಯಾಗಿ, ಮುಕ್ಕಾಗದೆ ಇತ್ತು. ಇದೇನು ಎಂದು ತಿಳಿಯದೆ ಮಲಕಾಜಪ್ಪನ ಹತ್ತಿರ ಹೋಗಿ, "ಒಬ್ಬಾಕಿ ಅದಾಳ ಅಂತ ತಿಳೀರಿ," ಎಂದು ಸುತ್ತಿ ಬಳಸಿ ಕೇಳಿದೆ. ಅವನು ಪೆನ್ನು ಕೆಳಗಿಟ್ಟ.

"ಆಡದ ಬಾಯಿಂದ ಕಚೇರಿ ಏನ ಒಯ್ದೀತು? ಇರತೈತಿ. ಆದ್ರ ಆಡಿದ ಗಳಿಗೀಗಿ ಅಕಿ ಬಾಯೂ ಆಡಿದ ಬಾಯಿ ಆತು. ಒಮ್ಮಿ. ಒಮ್ಮಿ ಅಷ್ಟ ಐತಿ ಅದು. ಆ ಒಬ್ಬಾಕಿಗಿ ಹೇಳ್ರಿ, ಜ್ವಾಕಿಲೆ ಇಟಗೋ ಅಂತ."

ನಾಲ್ಕು ತಿಂಗಳು ಇಟ್ಟುಕೊಂಡೆ. ಸುಳ್ಳು ಯಾಕೆ ಹೇಳಲಿ, ಅರ್ಧ ಹಟಕ್ಕೆ ಇಟ್ಟುಕೊಂಡೆ. ಗಿರಣಿಯಲ್ಲಿ ಒಬ್ಬಳೇ ಬೀಸುತ್ತ ನಾಲಿಗೆಯ ಕೆಳಗೆ ಅದನ್ನು ಹೊರಳಿಸುತ್ತಿದ್ದೆ. ಇವರದೊಂದು ವಸ್ತು ನನ್ನದು ಮಾತ್ರವಾದದ್ದು ಅದೇ ಮೊದಲು. ಬೇಯಲಿ ಸ್ವಲ್ಪ, ತಿಳಿಯಲಿ ಅಂದುಕೊಳ್ಳುತ್ತಿದ್ದೆ. ಇನ್ನರ್ಧ ಹೆದರಿಕೆ. ಹೇಳಿದರೆ ಹೋಗುತ್ತದೆ, ಹೇಳದಿದ್ದರೆ ಕಟ್ಟೆಯ ಮೇಲೆ ಕೂತ ಈ ಮನುಷ್ಯ ಹೋಗುತ್ತಾನೆ. ಮೈ ಇಳಿದು ಅಂಗಿ ಹೆಗಲಿನಿಂದ ಜಾರುತ್ತಿತ್ತು.

ಒಂದು ಮುಂಜಾನೆ ಬೇರೆ ಊರಿನವನೊಬ್ಬ ಗೋಧಿ ಚೀಲ ಹೊತ್ತು ಬಂದ. ಕಟ್ಟೆಯ ಮೇಲಿದ್ದ ಇವರನ್ನು, "ಈ ಗಿರಣಿ ಯಾರದ್ರಿ?" ಎಂದು ಕೇಳಿದ. ಗೊತ್ತಿಲ್ಲ ಎಂದು ಇವರು ತಲೆ ಅಲ್ಲಾಡಿಸಿದರು. "ಮತ್ತ ನೀವ?" ಎಂದ ಅವನು.

"ನಾನಾ? ನಾ ಸುಮ್ನ ಬಂದ ಕುಂತಿರ್ತೀನ್ರಿ."

ಆ ಮಾತು ಕೇಳಿ ನನಗೆ ಸಂತೋಷವಾಗಬೇಕಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಇನ್ನೊಂದು ಚೀಲ ಸುರಿಯಬೇಕಿತ್ತು. ಆಗಲಿಲ್ಲ. ಕಣ್ಣಲ್ಲಿ ನೀರು ಬಂತು, ಹಿಟ್ಟಿನ ಕೈಯಿಂದ ಒರೆಸಿಕೊಂಡದ್ದಕ್ಕೆ ಇನ್ನಷ್ಟು ಉರಿಯಿತು. ಮೋಟರ್ ಬಂದ್ ಮಾಡಿದೆ. ಹೋಗಿ ಇವರ ರಟ್ಟೆ ಹಿಡಿದು ಎಬ್ಬಿಸಿ ಬಾಗಿಲ ತನಕ ಎಳೆದು ತಂದೆ. ನಾನು ಒಳಗೆ ಹೋಗಿ ಹೊಸ್ತಿಲ ಮೇಲೆ ನಿಂತು, ಚೌಕಟ್ಟಿಗೆ ಎರಡೂ ಕೈ ಚಾಚಿ ದಾರಿ ಕಟ್ಟಿದೆ.

"ಹಾಯಬ್ಯಾಡ್ರಿ. ಒಡಪ ಹೇಳತೀನಿ, ಕೇಳಿ ಒಳಗ ಬರ್ರಿ."

ದಾನವ್ವ ಬುಟ್ಟಿ ಇಳಿಸಿದಳು. ಗೋಧಿಯವನು ಬಾಯಿ ತೆರೆದು ನಿಂತ. ಮೂವತ್ತು ವರ್ಷ ತಡವಾಗಿ, ಮದುವೆಯ ಸೀರೆಯಿಲ್ಲದೆ, ಮುಖದ ತುಂಬ ಹಿಟ್ಟು ಮೆತ್ತಿಕೊಂಡು ನಾನು ಹೇಳಿದೆ:

"ಮ್ಯಾಲಿನ ಕಲ್ಲ ತಿರಗತೈತಿ, ಕೆಳಗಿನ ಕಲ್ಲ ತಾಳತೈತಿ,
.......... ಹೆಸರ ನಾ ಹೇಳಿದರ, ಕೇಳಿದವರ ಕಿವಿ ಅರಳತೈತಿ."

"ಓ!" ಅಂದರು ಇವರು. ಎರಡನೆಯ ಕೂಗಿಗೆ ಕಾಯಲಿಲ್ಲ. ಓಣಿಯ ತುದಿಗೆ ಕೇಳುವಂತೆ, ಮಗುವಿನ ದನಿಯಲ್ಲಿ ಅಂದರು. ನಾನು ಕೈ ತೆಗೆದೆ, ಇವರು ಬಲಗಾಲಿಟ್ಟು ಒಳಗೆ ಬಂದರು.

ಅಷ್ಟರಲ್ಲಿ ಅದು ಹೋಗಿತ್ತು. ನಾನು ಮೇಲೆ ಚುಕ್ಕಿ ಇಟ್ಟದ್ದು ಹೆಂಡತಿಯ ನಾಚಿಕೆಯಿಂದಲ್ಲ. ಒಡಪಿನ ಉಳಿದೆಲ್ಲ ಮಾತು ನನ್ನ ಬಾಯಲ್ಲಿವೆ, ನಡುವಿನ ಒಂದು ಜಾಗ ಖಾಲಿ. ಇವರು, "ಏನಂದಿ ಈಗ? ಇನ್ನೊಮ್ಮಿ ಅನ್ನು," ಎಂದು ಎರಡು ಸಲ ಕೇಳಿದರು. ಗೊತ್ತಿಲ್ಲ ಎಂದೆ. ದಾನವ್ವನನ್ನು ಕೇಳಿದರು, ಅವಳೂ ಗೊತ್ತಿಲ್ಲ ಎಂದಳು, ಗೋಧಿಯವನ ಕಿವಿಯಲ್ಲೂ ಅದು ನಿಂತಿರಲಿಲ್ಲ. ಆದರೂ ಇವರ ಮುಖ ಅರಳಿಯೇ ಇತ್ತು. ಗೋಧಿ ಸುರಿದು ಮೋಟರ್ ಹಚ್ಚಿದರು, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರು, ಚಿಟಿಕೆ ಹಿಟ್ಟು ಹೆಬ್ಬೆರಳಲ್ಲಿ ತಿಕ್ಕಿ ನನ್ನ ಮುಂದೆ ಹಿಡಿದರು. "ತರಿ ಐತೇನ ನೋಡು," ಎಂದರು. ಗಿರಣಿಯ ವಿಷಯ ಇವರು ನನ್ನನ್ನು ಕೇಳಿದ್ದು ಅದೇ ಮೊದಲು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮೂರು ಸಾವಿರದ ಹದಿನೇಳರ ಗಿರಣಿ ಎಂದು ದಿನಕ್ಕೆ ನಾಲ್ಕು ಸಲ ಅನ್ನಲು ಯಾವ ಹೆಂಗಸಿನ ನಾಲಿಗೆಗೆ ಪುರುಸೊತ್ತಿದೆ? ದಾನವ್ವನೇ ಶುರು ಮಾಡಿದಳು, ಈಗ ಊರೆಲ್ಲ ಅನ್ನುವುದು ಕಾಶವ್ವನ ಗಿರಣಿ. ಹೋದ ವಾರ ಕಚೇರಿಯ ಮನುಷ್ಯ ಸಂತೆಯಲ್ಲಿ ಕೂತಿದ್ದ. ಸೋಮವಾರ ಹೊಸ ತಗಡು ಬಡಿಯುತ್ತಾರಂತೆ. ಮಲಕಾಜಪ್ಪ ಅರ್ಜಿ ಬರೆಯಲು ಕಾಗದವನ್ನೂ ತೆಗೆಯಲಿಲ್ಲ. ಇದಕ್ಕೆ ಅರ್ಜಿ ಇಲ್ಲವಂತೆ.

ನಿನ್ನೆ ಸಂಜೆ ಕಲ್ಲು ಒರೆಸುತ್ತಿದ್ದಾಗ ನನಗೆ ಒಂದು ಮಾತು ಹೊಳೆಯಿತು. ಈ ಮನುಷ್ಯ ಮೂವತ್ತು ವರ್ಷದಲ್ಲಿ ಒಂದು ದಿನವೂ ನನ್ನ ಹೆಸರು ಹಿಡಿದಿಲ್ಲ. ಅದನ್ನು ನೆನೆದು ನಾನು ಎಷ್ಟು ಸಲ ಶಪಿಸಿದ್ದೇನೋ ಲೆಕ್ಕವಿಲ್ಲ. ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ಕೇಳಿದೆ, "ನನ್ನ ಹೆಸರ ಗೊತ್ತೈತಿಲ್ರಿ ನಿಮಗ?"

"ಗೊತ್ತಿರದ ಏನ?" ಎಂದು ಇವರು ಹೇಳಲು ಬಾಯಿ ತೆರೆದರು.

ನಾನು ಹಿಟ್ಟಿನ ಕೈಯಿಂದಲೇ ಆ ಬಾಯಿ ಮುಚ್ಚಿದೆ. "ಈಗ ಬ್ಯಾಡ್ರಿ," ಎಂದೆ.